ತೂಕಡಿಸಿದವನ ಗೆರೆ

"ಗುರುಗಳೇ, ಕಾಣದ್ದನ್ನು ಕಂಡೆ ಎಂದರೆ ಯಾರಿಗೇನು ನಷ್ಟ?" ಎಂದು ಶಿಷ್ಯ ಚೆನ್ನವೀರ ಕೇಳಿದ. ಧ್ಯಾನದಲ್ಲಿ ತನಗೆ ಬೆಳಕು ಕಂಡಿತೆಂದು ಅವನು ಮಠದಲ್ಲೆಲ್ಲ ಹೇಳಿಕೊಂಡು ತಿರುಗಿದ್ದ. ಕಂಡಿರಲಿಲ್ಲ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಹಗಲೆಲ್ಲ ಪಾತ್ರೆ ಮಾರುತ್ತಿದ್ದ. ಇರುಳು ಮಾಳಿಗೆಯ ಮೇಲೆ ಅಂಗಾತ ಮಲಗಿ ಉಲ್ಕೆಗಳನ್ನು ನೋಡುತ್ತಿದ್ದ. ಯಾರೋ ಹೇಳಿದ ಕೆಲಸವಲ್ಲ, ಬರೀ ಹುಚ್ಚು. ಉಲ್ಕೆ ಎಲ್ಲಿ ಹೊತ್ತಿ ಎಲ್ಲಿ ಆರಿತೆಂದು ನಕ್ಷತ್ರಗಳ ನಕ್ಷೆಯ ಮೇಲೆ ಗೆರೆ ಎಳೆಯುವನು. ಪಕ್ಕದ ಊರಿನ ಒಬ್ಬ ದರ್ಜಿಗೂ ಅವನೇ ಈ ಹುಚ್ಚು ಹಿಡಿಸಿದ್ದ. ಕಣ್ಣಾರೆ ಕಂಡದ್ದಕ್ಕೆ ಮಾತ್ರ ಗೆರೆ ಎಳೆಯಬೇಕು ಎಂಬುದು ಅವನು ಕಲಿಸಿದ ಮೊದಲ ಪಾಠ.

ಒಂದು ರಾತ್ರಿ ವರ್ತಕನಿಗೆ ಜೊಂಪು ಹತ್ತಿತು. ಆಗಲೇ ದೊಡ್ಡದೊಂದು ಉಲ್ಕೆ ಊರನ್ನೆಲ್ಲ ಬೆಳಗಿ ಹಾದುಹೋಯಿತು. ಬೆಳಗಾದರೆ ಅಂಗಡಿಯ ಮುಂದೆ ಜನವೋ ಜನ. ಎರಡು ಊರಿನಿಂದ ನೋಡಿದವರ ಗೆರೆಗಳನ್ನು ಕೂಡಿಸಿದರೆ ಉಲ್ಕೆಯ ಕಲ್ಲು ಬಿದ್ದ ಜಾಗ ಸಿಗುತ್ತದೆಂದು ಅವರಿಗೆ ಗೊತ್ತು. ದರ್ಜಿ ಆಗಲೇ ತನ್ನ ಗೆರೆ ಕೊಟ್ಟಿದ್ದ. ನಿದ್ದೆ ಹೋಗಿದ್ದೆ ಎನ್ನಲು ವರ್ತಕನಿಗೆ ನಾಲಗೆ ಏಳಲಿಲ್ಲ. ಅವರಿವರ ಮಾತು ಕೇಳಿ, ಅಂದಾಜಿನ ಮೇಲೆ ಒಂದು ಗೆರೆ ಎಳೆದುಕೊಟ್ಟ.

ಗೆರೆಗಳು ಕೂಡಿದ ಕಡೆ ಜನ ಹುಡುಕಿದರು. ಕಲ್ಲು ಸಿಗಲಿಲ್ಲ. ಪಳಗಿದವನ ಗೆರೆಯನ್ನು ಯಾರು ತಾನೇ ಅನುಮಾನಿಸುತ್ತಾರೆ? ಎಲ್ಲರೂ ದರ್ಜಿಯನ್ನು ಆಡಿಕೊಂಡು ನಕ್ಕರು.

ಆ ನಗು ವರ್ತಕನ ಕಿವಿಗೂ ಬಿತ್ತು. ನಾಚಿಕೆಯನ್ನು ಬದಿಗಿಟ್ಟು ದರ್ಜಿಯ ಮನೆಗೆ ಹೋದ.

"ನೋಡೋದು ಬಿಟ್ಟೆ ಯಜಮಾನ್ರೇ," ಎಂದ ದರ್ಜಿ. "ಕಣ್ಣಾರೆ ಕಂಡೆ ಅಂದ್ಕೊಂಡಿದ್ದೆ. ನಿಮ್ಮ ಗೆರೆಯಂತೂ ತಪ್ಪೋ ಹಾಗಿಲ್ಲ, ತಪ್ಪಿದ್ದು ನನ್ನ ಕಣ್ಣೇ. ನನ್ನದನ್ನ ಅಳಿಸಿಬಿಟ್ಟೆ."

"ಅಯ್ಯೋ, ನಾನು ಕಂಡೇ ಇಲ್ಲ ಕಣಪ್ಪ! ತೂಕಡಿಸ್ತಿದ್ದೆ!"

ದರ್ಜಿ ಕೈಮುಗಿದ. ತನ್ನ ಮನಸ್ಸು ನೋಯದಿರಲೆಂದು ಹಿರಿಯರು ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡ. ವರ್ತಕ ಎಷ್ಟು ಆಣೆ ಹಾಕಿದರೂ ನಂಬಲಿಲ್ಲ. ಕಲ್ಲು ಕೊನೆಗೂ ಸಿಗಲಿಲ್ಲ.

ಗುರುಗಳು ಕತೆ ಮುಗಿಸಿದರು. "ದರ್ಜಿ ಮತ್ತೆ ಆಕಾಶ ನೋಡಲೇ ಇಲ್ಲವೇ?" ಎಂದು ಚೆನ್ನವೀರ ಕೇಳಿದ.

"ನಿನ್ನ ಪಕ್ಕದಲ್ಲಿ ಧ್ಯಾನಕ್ಕೆ ಕೂರುತ್ತಿದ್ದವನು, ತನಗೆ ಕತ್ತಲೆ ಬಿಟ್ಟು ಏನೂ ಕಾಣುವುದಿಲ್ಲವೆಂದು ಅತ್ತು, ಇಂದು ಬೆಳಿಗ್ಗೆ ಮಠ ಬಿಟ್ಟು ಹೋದ," ಎಂದರು ಗುರುಗಳು.

ಚೆನ್ನವೀರ ತಲೆ ತಗ್ಗಿಸಿದ.