ಥರ್ಮಾಮೀಟರಿಗೆ ಬಂದ ಅನುಮಾನ

ರೇಷ್ಮೆಹುಳು ಮನೆಯ ಕಂಪ್ಯೂಟರಿಗೆ ಹೊಸದಾಗಿ ಒಂದು ಗ್ರಾಫು ಬಂತು. ಬಂದ ಗಳಿಗೆಯಲ್ಲೇ ನವಿಲಿನಂತೆ ಬಣ್ಣದ ಗೆರೆ ಬಿಚ್ಚಿ, ಗೋಡೆಯ ಥರ್ಮಾಮೀಟರಿಗೆ, "ಅಜ್ಜಯ್ಯಾ, ಇನ್ನು ಈ ಮನೆಯ ಬಿಸಿ ನಾನು ತೋರಿಸುತ್ತೇನೆ. ನೀವು ಮೊಳೆಯಿಂದ ಇಳಿದು ಮಲಗಿ" ಎಂದಿತು.

ಒಮ್ಮೆ ಸೂರ್ಯನ ಕಂಕುಳಿಗೇ ಹೋಗಿ ಜ್ವರ ನೋಡಿ ಬಂದಿದ್ದ ಹಳೆಯ ಥರ್ಮಾಮೀಟರಿಗೆ ಅನುಮಾನ ಹೊಗೆಯಾಡಿತು. ತನ್ನನ್ನು ಒಂದು ಮಾತೂ ಕೇಳದೆ ಇದಕ್ಕೆ ಬಿಸಿ ತಿಳಿದದ್ದು ಹೇಗೆ?

"ಈಗ ಎಷ್ಟಿದೆ, ಮಗಾ?"

"ಇಪ್ಪತ್ತೈದು. ಹುಳುಗಳು ಸುಖವಾಗಿವೆ."

"ನನ್ನಲ್ಲಿ ಮೂವತ್ತಾರು. ಹುಳುಗಳು ಸೊಪ್ಪು ಮುಟ್ಟದೆ ಸಾಯುತ್ತಿವೆ. ನಿನಗೆ ಈ ಅಂಕಿ ಕೊಟ್ಟವರು ಯಾರು?"

ಗ್ರಾಫು ತಡವರಿಸಿತು. "ನನ್ನನ್ನು ಮಾಡಿದವರು ಮಾದರಿಗೆಂದು ನನ್ನ ಜೊತೆಯಲ್ಲೇ ಕಳಿಸಿದ್ದರು, ಅಜ್ಜಯ್ಯ."

"ಅದನ್ನೆಲ್ಲ ಅಳಿಸು. ನಾನು ಹೇಳುವ ಒಂದೇ ಅಂಕಿ ಹಾಕು."

ಬಣ್ಣವೆಲ್ಲ ಹೋಗಿ, ಮೂವತ್ತಾರರಲ್ಲಿ ಒಂಟಿ ಚುಕ್ಕೆ ಉಳಿಯಿತು. ಅದನ್ನು ಕಂಡ ಯಜಮಾನಿ ಪುಟ್ಟಸಿದ್ದಮ್ಮ ಎದ್ದುಬಿದ್ದು ಓಡಿ ಕಿಟಕಿಗಳನ್ನೆಲ್ಲ ತೆರೆದಳು.