ನಿಂಗಜ್ಜಿಯ ಹಸುವೂ ಗೋದಲಿಯ ಹುಲ್ಲೂ

ಒಂದಾನೊಂದು ಕಾಲದಲ್ಲಿ, ಅಂದರೆ ಈ ನಿನ್ನ ಮಾವನ ಮೀಸೆ ಇನ್ನೂ ಹುಟ್ಟಿರದೆ, ಕೀರ್ತಿ ಮಾತ್ರ ಮುಂಚೆಯೇ ಹುಟ್ಟಿ ಊರೂರು ತಿರುಗುತ್ತಿದ್ದ ಕಾಲದಲ್ಲಿ, ಮುತ್ತುಗದಪಾಳ್ಯ ಅಂತ ಒಂದು ಊರಿತ್ತಂತೆ ಜಸಿಂತಮ್ಮ. ಕತೆ ಹೇಳಬೇಕಾದ ಅಜ್ಜಿ ಆಗಲೇ ಗೊರಕೆ ಹೊಡೀತಿದ್ದಾಳೆ, ಅದಕ್ಕೇ ಇವತ್ತು ನಾನೇ ಅಜ್ಜಿ. ಕಂಬಳಿ ಎಳೆದುಕೊಂಡು ಹೂಂಗುಟ್ಟುತ್ತಿರು. ನನ್ನ ಬಾಯಲ್ಲಿ ಸುಳ್ಳು ಬರುವುದಿಲ್ಲ, ಬಂದರೂ ಹಲ್ಲಿಗೆ ಸಿಕ್ಕಿಕೊಂಡು ಅಲ್ಲೇ ನಿಂತುಬಿಡುತ್ತೆ.

ಆ ಊರಿನ ಚರ್ಚು ಒಂದು ಬಂಡೆಯ ನೆತ್ತಿಯ ಮೇಲಿತ್ತಂತೆ. ಬಂಡೆ ಎಷ್ಟು ಎತ್ತರ ಅಂದರೆ ಕಾಗೆ ಕೂಡ ನಡುವೆ ಒಂದು ಕಡೆ ಕೂತು ಸುಧಾರಿಸಿಕೊಂಡು ಮೇಲೆ ಹೋಗುತ್ತಿತ್ತಂತೆ. ಬಂಡೆಯ ಬುಡದಲ್ಲಿ ಒಂದು ಬೀದಿ. ಕ್ರಿಸ್‌ಮಸ್ಸಿಗೆ ಮುಂಚಿನ ಆಗಮನ ಕಾಲ ಬಂತು ಅಂದರೆ ಆ ಊರಲ್ಲಿ ಒಂದು ಪದ್ಧತಿ. ಚರ್ಚಿನೊಳಗೆ ಗೋದಲಿ ಇಡೋರು, ಹಬ್ಬಕ್ಕೆ ಬಾಲಯೇಸುವಿನ ಬೊಂಬೆ ಮಲಗಿಸೋ ಮರದ ತೊಟ್ಟಿ ಅದು. ನೆರೆಹೊರೆಯವರಿಗೆ ಉಪಕಾರ ಮಾಡಿದವರು ಅದರೊಳಗೆ ಒಂದು ಹುಲ್ಲುಕಡ್ಡಿ ಇಡಬೇಕು. ಉಪಕಾರ ಹೆಚ್ಚಾದಷ್ಟೂ ಹಾಸಿಗೆ ಮೆತ್ತಗೆ, ಕೂಸಿನ ಬೆನ್ನಿಗೆ ಮರ ಒತ್ತೋದಿಲ್ಲ ಅಂತ.

ಒಳ್ಳೆಯ ಪದ್ಧತಿ ತಾನೆ? ಕೆಡಿಸೋಕೆ ಒಬ್ಬರು ಬೇಕಲ್ಲ. ಚರ್ಚು ನೋಡಿಕೊಂಡು ಮಕ್ಕಳಿಗೆ ಜಪ ಕಲಿಸುತ್ತಿದ್ದ ಉಪದೇಶಿ ಯಾಗಪ್ಪನವರು ಒಂದು ವರ್ಷ ಎದ್ದು ನಿಂತು, ಯಾರ ಹುಲ್ಲು ಜಾಸ್ತಿಯೋ ಅವರೇ ಈ ಸಲ ಬಾಲಯೇಸುವನ್ನು ಎತ್ತಿಕೊಂಡು ಬಂದು ಮಲಗಿಸಬೇಕು, ಮೋಸ ಆಗಬಾರದು, ಅದಕ್ಕೇ ಉಪಕಾರ ಪಡೆದವರು ಭಾನುವಾರ ಚರ್ಚಿನ ಜಗುಲಿ ಹತ್ತಿ ಬಂದು ನನ್ನ ಮುಂದೆ ಸಾಕ್ಷಿ ಹೇಳಬೇಕು ಅಂದುಬಿಟ್ಟರಂತೆ.

ಆಮೇಲೆ ನೋಡು ಊರಿಗೆ ಹಿಡಿದ ಹುಚ್ಚು. ಆ ಬೀದಿಯಲ್ಲಿ ಮೂರು ಜನ ಓರಗಿತ್ತಿಯರಿದ್ದರಂತೆ. ಹಿರಿಯಳು ಸವೇರಿಯಮ್ಮ, ನಡುವಿನವಳು ಆರೋಗ್ಯಮ್ಮ, ಕಿರಿಯಳು ಜ್ಞಾನಮ್ಮ. ಒಬ್ಬಳು ಕಡ್ಡಿ ಇಟ್ಟರೆ ಇನ್ನೊಬ್ಬಳು ಹಿಡಿ ಇಟ್ಟಳು, ಮತ್ತೊಬ್ಬಳು ಕಂತೆ ಹೊತ್ತು ತಂದಳು. ದೊಡ್ಡ ಉಪಕಾರಕ್ಕೆ ದೊಡ್ಡ ಹುಲ್ಲು ಅಂತ ಅವರೇ ಲೆಕ್ಕ ಕಟ್ಟಿಕೊಂಡರು. ಆಮೇಲೆ ಊರೇ ಹುಲ್ಲಿನ ಮೆದೆ ಕಿತ್ತು ಮೇಲಕ್ಕೆ ಹೊತ್ತೊಯ್ಯಿತು. ಗೋದಲಿ ತುಂಬಿ, ಪೀಠ ಮುಚ್ಚಿ, ರಾಶಿ ಬಾಗಿಲಿನಿಂದಾಚೆ ಬಂಡೆಯ ಅಂಚಿನವರೆಗೂ ಬಂತಂತೆ. ಸಾಕ್ಷಿ ಹೇಳೋ ನಾಲಗೆ ಇದ್ದವರಿಗೆಲ್ಲ ಸುಗ್ಗಿ. ಒಂಟಿ ಮುದುಕ ರಾಯಪ್ಪನಿಗೆ ಮನೆಮನೆಯಿಂದ ಊಟ ಬಂದು, ತಿಂದೂ ತಿಂದೂ, ಸಾಕು ಬಿಡ್ರವ್ವ, ಸಾಕ್ಷಿ ಬೇಕಾದರೆ ಉಪವಾಸವಿದ್ದೇ ಹೇಳ್ತೀನಿ ಅಂತ ಕೈಮುಗಿದನಂತೆ. ಉಪದೇಶಿಗಳ ಎಮ್ಮೆಗೆ ಅಷ್ಟೂ ಮನೆಯ ಕಲಗಚ್ಚು ಸುರಿದು ಸುರಿದು ಅದು ಕೊಟ್ಟಿಗೆಯ ಬಾಗಿಲಲ್ಲಿ ಸಿಕ್ಕಿಕೊಂಡು, ಗೋಡೆ ಒಡೆದು ತೆಗೆದರಂತೆ. ನಗಬೇಡ, ನಗೋ ಕತೆ ಇಲ್ಲಿಗೆ ಮುಗೀತು. ಇನ್ನು ಮುಂದೆ ಬೇರೆ ಥರ.

ಸವೇರಿಯಮ್ಮನ ಗೋಡೆಗೆ ಗೋಡೆ ಅಂಟಿಕೊಂಡು ನಿಂಗಜ್ಜಿಯ ಮನೆ. ಅವಳು ಮಾರಮ್ಮನ ಒಕ್ಕಲು, ಚರ್ಚಿನ ಕಡೆಯವಳಲ್ಲ. ಮೊಣಕಾಲು ಹೋಗಿತ್ತು, ಆ ಬಂಡೆ ಹತ್ತೋದು ಅವಳ ಕೈಲಾಗದ ಮಾತು. ಮಗಳು ಹೆರಿಗೆಯಲ್ಲಿ ಹೋಗಿದ್ದಳು. ಮಗಳು ಬಿಟ್ಟುಹೋದ ಹೆಣ್ಣುಕೂಸು ಒಂದು, ಕೌಲೆ ಅನ್ನೋ ಹಸು ಒಂದು. ಆ ಹಸುವಿನ ಹಾಲೇ ಆ ಕೂಸಿನ ಜೀವ. ನಿಂಗಜ್ಜಿಗೆ ಹೊಲ ಇಲ್ಲ, ಮೆದೆ ಇಲ್ಲ. ಆದರೂ ಕೌಲೆ ಹೇಗೋ ಬದುಕಿತ್ತು. ಗಾಡಿಯಿಂದ ಉದುರಿದ ಹುಲ್ಲು ಬೀದಿಯಲ್ಲಿ ಸಿಗುತ್ತಿತ್ತು, ಹೋಗ್ತಾ ಬರ್ತಾ ಯಾರಾದರೂ ಒಂದು ಹಿಡಿ ಗೋಡೆಯಾಚೆ ಎಸೆಯೋರು, ಪಾತ್ರೆ ತೊಳೆದವರು ಕಲಗಚ್ಚನ್ನು ಅವಳ ಬಾನಿಗೆ ಹುಯ್ದು ಹೋಗೋರು. ಅದನ್ನು ಉಪಕಾರ ಅಂತ ಯಾರೂ ಅಂದುಕೊಂಡಿರಲಿಲ್ಲವಂತೆ. ಆ ವರ್ಷ ಮಾತ್ರ ಬೀದಿಯಲ್ಲಿ ಬಿದ್ದ ಕಡ್ಡಿಯನ್ನೂ ಆಯ್ದುಕೊಂಡರು, ಬಾನಿ ಒಣಗಿ ಬಿರುಕುಬಿಟ್ಟಿತು, ಕೆರೆ ಏರಿಯ ಹುಲ್ಲು ಮೊದಲೇ ಮುಗಿದಿತ್ತು. ಕೌಲೆಯ ಪಕ್ಕೆಯ ಎಲುಬು ಎದ್ದವು. ಹಾಲು ಚೊಂಬಿನಿಂದ ಲೋಟಕ್ಕೆ ಇಳೀತು, ಲೋಟದಿಂದ ಕೂಸಿಗೆ ಹಾಲು ಕುಡಿಸೋ ಒಳಲೆಗೆ ಇಳೀತು.

ಆಮೇಲೆ ನಿಂಗಜ್ಜಿ ಸೆರಗು ಒಡ್ಡಿಕೊಂಡು ಮೊದಲು ಸವೇರಿಯಮ್ಮನ ಬಾಗಿಲಿಗೆ ಹೋದಳಂತೆ. ಒಂದು ಹೊರೆ ಹುಲ್ಲು ಕೊಡವ್ವ, ಹಸು ನಿಲ್ತಾ ಇಲ್ಲ ಅಂದಳು. ಸವೇರಿಯಮ್ಮ, ಕೊಡೋಕೇನಜ್ಜಿ, ಭಾನುವಾರ ಮೇಲೆ ಬಂದು ಹೇಳ್ತೀಯಾ ಅಂದಳು. ಈ ಕಾಲಲ್ಲಿ ಹೆಂಗವ್ವ ಹತ್ತಲಿ ಅಂದಳು ನಿಂಗಜ್ಜಿ. ಹಂಗಾದ್ರೆ ಹಬ್ಬ ಕಳೀಲಿ ಅಜ್ಜಿ, ಈಗ ಇರೋದೆಲ್ಲ ದೇವರಿಗೆ ಅಂತ ಎತ್ತಿಟ್ಟಿದ್ದೀನಿ ಅಂದುಬಿಟ್ಟಳಂತೆ.

ಮತ್ತೆರಡು ದಿನಕ್ಕೆ ಆರೋಗ್ಯಮ್ಮನ ಹಿತ್ತಲಿಗೆ ಹೋಗಿ, ಹುಲ್ಲು ಬೇಡ, ಒಂದು ಕೊಡ ಕಲಗಚ್ಚಾದರೂ ಕೊಡು ತಾಯಿ ಅಂದಳು. ಆರೋಗ್ಯಮ್ಮ ಕೊಡ ತಲೆ ಮೇಲಿಟ್ಟುಕೊಂಡು ಉಪದೇಶಿಗಳ ಎಮ್ಮೆಯ ಕಡೆ ಹೊರಟಿದ್ದಳು. ಅಯ್ಯೋ ಅಜ್ಜಿ, ನಿನ್ನೆ ಬರಬಾರದಾಗಿತ್ತೆ, ಇದನ್ನ ಕೊಡ್ತೀನಿ ಅಂತ ಮಾತು ಕೊಟ್ಟಾಗಿದೆ ಅಂತ ನಿಲ್ಲದೆ ನಡೆದಳಂತೆ. ಕೊಡ ತುಳುಕಿ ನೆಲಕ್ಕೆ ಬಿದ್ದ ಗಂಜಿಯನ್ನು ನಿಂಗಜ್ಜಿ ಬೊಗಸೆಯಲ್ಲಿ ಬಳಿದುಕೊಂಡಳು. ಅದರಲ್ಲಿ ಮಣ್ಣೇ ಜಾಸ್ತಿಯಿತ್ತು.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಕೌಲೆ ಬಿತ್ತಂತೆ. ಬಿದ್ದ ಹಸುವನ್ನು ಎಬ್ಬಿಸೋದು ಒಬ್ಬರ ಕೆಲಸವಲ್ಲ ಮಗಳೇ. ಹೊಟ್ಟೆಯಡಿಗೆ ಗೋಣಿಪಟ್ಟೆ ತೂರಿಸಿ ಎರಡು ಕಡೆಯೂ ಜನ ಹಿಡಿದು ಎತ್ತಬೇಕು. ನಿಲ್ಲಿಸಿ, ಬಿಡದೆ ಕಾಲು ತಿಕ್ಕಬೇಕು. ಅಡಿಗೆ ಮಂದವಾಗಿ ಹುಲ್ಲು ಹಾಸದಿದ್ದರೆ ಮೈಯೆಲ್ಲ ಹುಣ್ಣಾಗಿ ಅದು ಮತ್ತೆ ಏಳೋದೇ ಇಲ್ಲ. ನಿಂಗಜ್ಜಿ ಜ್ಞಾನಮ್ಮನ ಬಾಗಿಲಿಗೆ ಹೋಗಿ, ಏನೂ ಕೊಡಬೇಡ, ನಿನ್ನ ಗಂಡನ್ನ, ಇನ್ನ ನಾಲ್ಕು ಜನಾನ ಒಂದು ಗಳಿಗೆ ಕಳಿಸು, ಎತ್ತಿ ಹೋಗಲಿ ಅಂದಳು. ಜ್ಞಾನಮ್ಮನಿಗೆ ಕಣ್ಣಲ್ಲಿ ನೀರೇ ಬಂತಂತೆ. ಅಯ್ಯೋ ಪಾಪ, ಎಲ್ಲರೂ ಮೇಲೆ ಹುಲ್ಲು ಜೋಡಿಸ್ತಾ ಇದ್ದಾರಲ್ಲ ಅಜ್ಜಿ, ನಿನಗೋಸ್ಕರ ಖಂಡಿತ ಪ್ರಾರ್ಥನೆ ಮಾಡ್ತೀನಿ ಅಂತ ಮೆತ್ತಗೆ ಬಾಗಿಲು ಹಾಕಿಕೊಂಡಳು. ಪ್ರಾರ್ಥನೆಗೆ ಸಾಕ್ಷಿ ಬೇಕಾಗಿರಲಿಲ್ಲ.

ನಿಂಗಜ್ಜಿ ವಾಪಸು ಬಂದು ಬರೀ ನೆಲದ ಮೇಲೆ ಕೂತು ಹಸುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳಂತೆ. ಇನ್ನೊಂದು ತೊಡೆಯ ಮೇಲೆ ಕೂಸು. ಒಲೆ ಹಚ್ಚಲಿಲ್ಲ, ಹಚ್ಚಿ ಏನು ಬೇಯಿಸೋದು? ನೀರಲ್ಲಿ ಅದ್ದಿದ ಬಟ್ಟೆಯ ತುದಿಯನ್ನು ಕೂಸು ಚೀಪಿತು, ಉಗುಳಿತು, ಅತ್ತಿತು. ನಿಂಗಜ್ಜಿ ಹಸುವಿನ ಕಿವಿಯಲ್ಲಿ ಹೇಳಿದಳಂತೆ, ಕೌಲೆ, ನೀನು ಹೋದರೆ ಇವಳು ಹೋಗ್ತಾಳೆ, ಇವಳು ಹೋದಮೇಲೆ ನಾನು ಯಾರಿಗೆ ಅಂತ ಬೆಳಗಾದರೆ ಏಳಲಿ? ಮೂರೂ ಜನ ಒಟ್ಟಿಗೇ ಹೋಗೋಣ ಬಿಡು, ಯಾರಿಗೂ ತೊಂದರೆ ಕೊಡೋದು ಬೇಡ. ಹಸು ಕಣ್ಣು ಮುಚ್ಚಿತು. ಅಜ್ಜಿ ಎದ್ದು ಹೋಗಿ ಬಾಗಿಲಿನ ಅಗಳಿ ತೆಗೆದಿಟ್ಟು ಬಂದಳು, ನಾಳೆ ಹೊತ್ತುಕೊಂಡು ಹೋಗೋರಿಗೆ ಬಾಗಿಲು ಒಡೆಯೋ ಕಷ್ಟ ಬೇಡ ಅಂತ.

ಹೂಂ ಅನ್ನು ಜಸಿಂತಮ್ಮ. ನಿನ್ನ ಮಾವ ಹುಲಿಯ ಬಾಯಲ್ಲಿ ಕೈಯಿಟ್ಟು ಹಲ್ಲು ಎಣಿಸಿದವನು, ಆದರೂ ಈ ಜಾಗಕ್ಕೆ ಬಂದಾಗ ಒಂದು ಗುಟುಕು ನೀರು ಕುಡಿದೇ ಮುಂದಕ್ಕೆ ಹೋಗೋದು.

ಆಮೇಲೆ ಸಂಜೆಗೆ ಸವೇರಿಯಮ್ಮ ಕಜ್ಜಾಯ ಸುಡೋಕೆ ಕೂತಳಂತೆ. ಎಣ್ಣೆ ಕಾದಿತ್ತು, ಪಕ್ಕದಲ್ಲಿ ಬೆಲ್ಲದ ಪಾಕ ಮಿಕ್ಕಿತ್ತು. ಗೋಡೆಯಾಚೆ ಬೆಳಗಿನಿಂದ ಕೂಸು ಅಳುತ್ತಲೇ ಇತ್ತು. ಥೂ, ಹಬ್ಬದ ಹೊತ್ತಲ್ಲೂ ಇದೇನು ರಂಪ ಅಂತ ಅವಳು ಗೊಣಗುತ್ತಲೇ ತಟ್ಟುತ್ತಿದ್ದಳು. ಇದ್ದಕ್ಕಿದ್ದ ಹಾಗೆ ಅಳು ನಿಂತಿತು. ಸದ್ಯ ಅಂದುಕೊಂಡಳು. ಇನ್ನೊಂದು ಕಜ್ಜಾಯ ತಟ್ಟಿದಳು. ಅಳು ಮತ್ತೆ ಶುರುವಾಗಲಿಲ್ಲ. ತಟ್ಟಿದ್ದು ಕೈಯಲ್ಲೇ ಉಳೀತು. ಗೋಡೆಗೆ ಕಿವಿ ಕೊಟ್ಟಳು, ಅಳು ಇಲ್ಲ, ಜೋಗುಳ ಇಲ್ಲ, ಬೈಗುಳ ಇಲ್ಲ, ಹಸುವಿನ ಉಸಿರೂ ಇಲ್ಲ.

ಬಾಣಲೆ ಇಳಿಸಿ, ಪಾಕದ ಪಾತ್ರೆಗೆ ಬಿಸಿನೀರು ಬೆರೆಸಿಕೊಂಡು ಓಡಿದಳು. ಬಾಗಿಲು ಮುಟ್ಟಿದರೆ ತೆರೆದುಕೊಂಡಿತು. ಒಳಗೆ ಮೂರೂ ಜೀವ ಒಂದರ ಮೇಲೊಂದು ಬಿದ್ದಿದ್ದವು. ಅಜ್ಜಿ ಕಣ್ಣು ಬಿಟ್ಟು, ಬಂದೆಯಾ ಮಗಾ, ನನ್ನ ಕೈಲಿ ಮೇಲೆ ಬಂದು ಹೇಳೋಕಾಗಲ್ಲ ಅಂದಳಂತೆ. ಸವೇರಿಯಮ್ಮನಿಗೆ ಆ ಮಾತು ಎಲ್ಲಿ ತಾಗಿತೋ, ಕೂಸನ್ನು ಎತ್ತಿ ಎದೆಗೊತ್ತಿಕೊಂಡು, ಬತ್ತಿ ಅದ್ದಿ ಅದ್ದಿ ಬೆಲ್ಲದ ನೀರನ್ನು ತುಟಿಗೆ ತಾಗಿಸಿದಳು. ಎಷ್ಟೋ ಹೊತ್ತು ಹಾಗೇ ಕೆಳಕ್ಕೆ ಹರಿದುಹೋಯಿತು. ಇನ್ನು ಇಲ್ಲ ಅಂದುಕೊಂಡಳು. ಆಮೇಲೆ ನಾಲಗೆಯ ತುದಿ ಒಂಚೂರು ಅಲ್ಲಾಡಿತಂತೆ.

ಹಸುವಿಗೆ ಹುಲ್ಲು ಬೇಕು. ಅವಳ ಮನೆಯಲ್ಲಿ ಒಂದು ಕಡ್ಡಿ ಇರಲಿಲ್ಲ, ಯಾರ ಮನೆಯಲ್ಲೂ ಇರಲಿಲ್ಲ. ಕೂಸನ್ನು ಅಜ್ಜಿಯ ಮಡಿಲಿಗೆ ಹಾಕಿ ಸವೇರಿಯಮ್ಮ ಬಂಡೆ ಹತ್ತಿದಳು. ಕಾಗೆ ಕೂರೋ ಜಾಗದಲ್ಲೂ ಕೂರಲಿಲ್ಲವಂತೆ. ಊರಿನವರೆಲ್ಲ ಹಬ್ಬದ ಬಟ್ಟೆ ಹಾಕಿಕೊಳ್ಳೋಕೆ ಮನೆಗೆ ಇಳಿದಿದ್ದರು. ಅವಳು ಸೆರಗು ಸಿಕ್ಕಿಸಿ ಆ ರಾಶಿಗೆ ಬೆನ್ನು ಕೊಟ್ಟು ನೂಕಿದಳು. ಹುಲ್ಲು ಬಂಡೆಯ ಅಂಚಿನಿಂದ ಬೀದಿಗೆ ಸುರೀತು, ನೆರೆ ಬಂದ ಹಾಗೆ. ಗೋದಲಿಯೊಳಗೆ ಉಳಿದಿದ್ದನ್ನೂ ಬಳಿದು ಹಾಕಿದಳು, ಅದರ ತಳದ ಮರ ಕಾಣೋ ತನಕ.

ಆಮೇಲೆ ಇಲ್ಲದ ಗಲಾಟೆ. ಗೋದಲಿ ದೋಚಿದರು ಅಂತ ಊರೆಲ್ಲ ಸೇರಿ, ಬಿಳೀ ಪಂಚೆಯ ಉಪದೇಶಿಗಳನ್ನು ಮುಂದಿಟ್ಟುಕೊಂಡು, ಹುಲ್ಲಿನ ಜಾಡು ಹಿಡಿದು ನಿಂಗಜ್ಜಿಯ ಮನೆಗೇ ಬಂತು. ನೋಡಿದರೆ ಸವೇರಿಯಮ್ಮ ಹಸುವಿನ ಹೊಟ್ಟೆಯಡಿಗೆ ಒಬ್ಬಳೇ ಗೋಣಿಪಟ್ಟೆ ತೂರಿಸುತ್ತಿದ್ದಾಳೆ. ಇದೇನಮ್ಮ ದೇವರ ಹಾಸಿಗೆ ಕದಿಯೋದಾ ಅಂದರಂತೆ ಯಾಗಪ್ಪನವರು. ಹೌದು, ಕದ್ದೆ. ಬೈಯೋದು ಆಮೇಲಾಗಲಿ, ನೀವು ಆ ತುದಿ ಹಿಡೀರಿ. ಏ ಆರೋಗ್ಯ, ಬಾಯಿ ಮುಚ್ಚಿಕೊಂಡು ಕಲಗಚ್ಚು ತಾ. ಜ್ಞಾನಿ, ಪ್ರಾರ್ಥನೆ ಮುಗಿದಿದ್ದರೆ ಗಂಡನ್ನ ಈ ಕಡೆ ಕಳಿಸು ಅಂದಳಂತೆ. ಯಾರೂ ಅಲುಗಲಿಲ್ಲ. ಎಲ್ಲರಿಗೂ ಕಾಣಿಸಿದ್ದು ಹಸುವಲ್ಲ, ಸದ್ದಿಲ್ಲದೆ ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದ ಆ ಕೂಸು. ಯಾಗಪ್ಪನವರು ಸೆಗಣಿಯಲ್ಲಿ ಮಂಡಿಯೂರಿ ಗೋಣಿಯ ತುದಿ ಹಿಡಿದರು.

ಮೊದಲ ಸಲ ಎತ್ತಿದಾಗ ಕೌಲೆ ಅವರ ಮೇಲೇ ಕುಸೀತು. ಎರಡನೇ ಸಲ ಮಂಡಿಯವರೆಗೆ ಬಂದು ಮತ್ತೆ ಬಿತ್ತು. ಬಿಡ್ರಪ್ಪ, ಅದನ್ನ ನೆಮ್ಮದಿಯಾಗಿ ಹೋಗೋಕೆ ಬಿಡಿ ಅಂದಳು ನಿಂಗಜ್ಜಿ. ಮೂರನೇ ಸಲಕ್ಕೆ ಹೊರಗೆ ನಿಂತಿದ್ದವರೂ ಒಳಗೆ ನುಗ್ಗಿದರಂತೆ, ಮುದುಕ ರಾಯಪ್ಪ ಕೂಡ, ತಿಂದಿದ್ದು ಕರಗಲಿ ಅಂತ. ಕೌಲೆ ನಿಂತಿತು. ನಾಲ್ಕು ಕಾಲಿಗೆ ನಾಲ್ಕು ಜನ ಕೂತು ತಿಕ್ಕಿದರು. ಅದು ಕಲಗಚ್ಚಿಗೆ ಮೂತಿ ಇಟ್ಟಿತು, ಹುಲ್ಲಿಗೆ ಬಾಯಿ ಹಾಕಿತು, ಬಾನಿ ಬರಿದಾಗುವ ತನಕ ತಲೆ ಎತ್ತಲಿಲ್ಲ.

ಬೆಳಗಾಯಿತು. ಬಾಲಯೇಸುವನ್ನು ಆ ವರ್ಷ ಬರೀ ಮರದ ಮೇಲೇ ಮಲಗಿಸಿದರಂತೆ, ಯಾರು ಎತ್ತಿಕೊಂಡು ಬಂದರು ಅಂತ ಒಬ್ಬರೂ ನೋಡಲಿಲ್ಲ. ಪೂಜೆ ಮುಗಿದ ಮೇಲೆ ಯಾಗಪ್ಪನವರು ಸಾಕ್ಷಿ ಕೇಳೋ ಅಭ್ಯಾಸಬಲದಿಂದ ನಿಂಗಜ್ಜಿಯ ಬಾಗಿಲಿಗೇ ಇಳಿದು ಬಂದು, ಅಜ್ಜಿ, ಯಾರು ಯಾರು ನಿನಗೆ ಏನೇನು ಮಾಡಿದರು, ಇಲ್ಲೇ ಹೇಳು, ನೀನು ಹತ್ತೋದು ಬೇಡ ಅಂದರಂತೆ. ನಿಂಗಜ್ಜಿ ಕೆಚ್ಚಲು ತೊಳೆದು ಚೊಂಬು ಹಿಡಿದು ನಿಂತಿದ್ದಳು. ಅದೆಲ್ಲ ಆಮೇಲೆ ಸ್ವಾಮಿ, ಈಗ ಸ್ವಲ್ಪ ದಾರಿ ಬಿಡಿ, ಕೂಸು ಕಾಯ್ತಾ ಇದೆ ಅಂದಳು. ಉಪದೇಶಿಗಳು ದಾರಿ ಬಿಟ್ಟರು. ಚೊಂಬಿನ ತಳ ಮುಚ್ಚುವಷ್ಟು ಹಾಲು ಬಂತು, ಅಷ್ಟೇ. ಅಷ್ಟನ್ನೂ ಕೂಸು ಕುಡಿದು, ತೇಗಿ, ಸವೇರಿಯಮ್ಮನ ಹೆಗಲ ಮೇಲೆ ನಿದ್ದೆ ಹೋಯಿತಂತೆ. ಅವರು ನಾಲ್ವರೂ, ಹಸುವೂ ಸೇರಿ ಅಂತಿಟ್ಟುಕೋ, ಗೋಡೆಗೆ ಗೋಡೆ ಅಂಟಿಕೊಂಡು ಬಹಳ ಕಾಲ ಬಾಳಿದರಂತೆ.

ಅಲ್ಲಿಗೆ ಅವರ ಕತೆ ಅವರ ಮನೆ ಸೇರಿತು, ನಿನ್ನ ನಿದ್ದೆ ನಿನ್ನ ಕಣ್ಣಿಗೆ ಬಂತು. ಮಲಗು ತಾಯಿ.