ದುರುಗನಿಗೆ ಬಿಟ್ಟ ಹೊಲಿಗೆ

ಗುರುಗಳು ಪರವೂರಿನಿಂದ ಮರಳುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು.

ಹದಿನಾಲ್ಕರ ಹುಡುಗ ದುರುಗ ಹುಡುಗಾಟಕ್ಕೆಂದು ಅಂಬಿಗ ಹುಲಿಗೆಪ್ಪನ ಹರಿಗೋಲು ಬಿಚ್ಚಿ ಹೊಳೆಗೆ ಬಿಟ್ಟಿದ್ದ. ಅದು ಬಂಡೆಗೆ ಬಡಿದು ಹಾಳಾಯಿತು. ಆಶ್ರಮ ನೋಡಿಕೊಳ್ಳುತ್ತಿದ್ದ ಶಿಷ್ಯ ನಿರ್ವಾಣಯ್ಯ ಹುಡುಗನ ರಟ್ಟೆ ಹಿಡಿದು ಒಯ್ದು ಪಟ್ಟಣದ ನ್ಯಾಯಾಧೀಶರ ಮುಂದೆ ನಿಲ್ಲಿಸಿದ. ನ್ಯಾಯವೆಂದರೆ ಅವನಿಗೆ ಪ್ರಾಣ. ಅವಸರ ಅದಕ್ಕಿಂತ ಹೆಚ್ಚು.

"ಒಂದು ವರ್ಷ ಸೆರೆಮನೆ ಆಯಿತು," ಎಂದು ಗುರುಗಳಿಗೆ ಒಪ್ಪಿಸಿದ.

"ಹುಲಿಗೆಪ್ಪನನ್ನು ಕೇಳಿದೆಯಾ?"

"ಅವನನ್ನು ಕೇಳುವುದೇನು ಗುರುಗಳೇ? ತಪ್ಪು ಕಣ್ಣೆದುರಿಗೇ ಇತ್ತಲ್ಲ."

ಗುರುಗಳು ಅವನನ್ನು ಹೊಳೆಗೆ ಕರೆದೊಯ್ದರು.

ದಡದಲ್ಲಿ ಹುಲಿಗೆಪ್ಪ ಒಬ್ಬನೇ ಹೊಸ ಹರಿಗೋಲಿಗೆ ಬಿದಿರು ಬಗ್ಗಿಸುತ್ತಿದ್ದ. ಒಂದು ತುದಿ ಕಟ್ಟಲು ಹೋದರೆ ಇನ್ನೊಂದು ಚಿಮ್ಮಿ ಬಿಡುತ್ತಿತ್ತು.

"ಆ ಹುಡುಗನ್ನ ಯಾಕ ಕಳಿಸಿದ್ರಿ ಸ್ವಾಮ್ಯಾರ?" ಎಂದ. "ನನಗ ಸಿಟ್ಟು ಬಂದಿತ್ತು, ಖರೆ. ಆದ್ರ ನನ್ನ ಕೂಡ ಕುಂತು ಇದನ್ನ ಕಟ್ಟಿಕೊಟ್ಟಿದ್ರ ಸಾಕಿತ್ತು. ಜೇಲಿನ್ಯಾಗ ಏನು ಕಲೀತಾನ, ಹೇಳ್ರಿ?"

ನಿರ್ವಾಣಯ್ಯನ ಮುಖ ಇಳಿದುಹೋಯಿತು. ಹುಡುಗನನ್ನು ಬಿಡಿಸಲು ಅಂದೇ ಪಟ್ಟಣಕ್ಕೆ ಓಡಿದ.

ನ್ಯಾಯಾಧೀಶರು ನಿಟ್ಟುಸಿರುಬಿಟ್ಟರು. "ಮೊದಲೇ ಹೇಳಿದ್ದರೆ ಅಂಬಿಗನ ಜೊತೆಯಲ್ಲೇ ಬಿಡುತ್ತಿದ್ದೆ. ಮುಂದೆ ಇಂಥ ಮಕ್ಕಳು ಬಂದರೆ ಮೊದಲು ನಿಮ್ಮಲ್ಲಿಗೇ ಕಳಿಸುತ್ತೇನೆ. ಇವನ ತೀರ್ಪು ಮಾತ್ರ ಆಗಿಹೋಯಿತು. ನನ್ನ ಕೈಯಲ್ಲಿ ಏನೂ ಇಲ್ಲ."

ಸೆರೆಮನೆಯ ಕಿಂಡಿಯಲ್ಲಿ ನಿರ್ವಾಣಯ್ಯನನ್ನು ಕಂಡ ದುರುಗ ಗೋಡೆಯ ಕಡೆ ತಿರುಗಿದ. ಎಷ್ಟು ಕರೆದರೂ ಇತ್ತ ನೋಡಲಿಲ್ಲ.

ಮರುದಿನದಿಂದ ನಿರ್ವಾಣಯ್ಯ ಹುಲಿಗೆಪ್ಪನೆದುರು ಕೂತು ಬಿದಿರಿನ ಇನ್ನೊಂದು ತುದಿ ಹಿಡಿದ. ಅಂಗೈ ಸುಲಿಯಿತು. ಈ ಕೆಲಸಕ್ಕೆ ಆ ಹುಡುಗ ಇರಬೇಕಿತ್ತು ಎಂದು ಮತ್ತೆ ಮತ್ತೆ ಅನಿಸಿತು. ಬುಟ್ಟಿ ಹೆಣೆದು, ಚರ್ಮ ಹೊದಿಸಿ, ಸುತ್ತ ಹೊಲಿದರು.

ಇನ್ನೊಂದು ಗೇಣು ಹೊಲಿಗೆ ಉಳಿದಿದ್ದಾಗ ಗುರುಗಳು ಬಂದು ಶಿಷ್ಯನ ಕೈಯಿಂದ ದಬ್ಬಣ ತೆಗೆದುಕೊಂಡರು.

"ಇದು ದುರುಗನಿಗಿರಲಿ. ಅವನೇ ಬಂದು ಹೊಲಿಯಲಿ."

"ಹೌದ್ರಿ, ಅದು ಅವನ ಕೆಲಸ," ಎಂದ ಹುಲಿಗೆಪ್ಪ.

"ಅಲ್ಲಿಯವರೆಗೆ ಹರಿಗೋಲಿನೊಳಗೆ ನೀರು ಬರುತ್ತದಲ್ಲ, ಗುರುಗಳೇ?"

ಗುರುಗಳು ತೆಂಗಿನ ಚಿಪ್ಪೊಂದನ್ನು ಶಿಷ್ಯನ ಕೈಗಿಟ್ಟರು.

"ಬರುತ್ತದೆ. ಅವನು ಬರುವ ತನಕ ನೀನು ಮೊಗೆದು ಹಾಕು."